ಒಂದೇ ಬೆರಳಿನ ನೋವು

ಕಳಸದಲ್ಲಿ ಸೊಂಟ ನೋಯದವರು ಸಿಗುವುದು ಕಷ್ಟ. ಹೊರನಾಡಿಗೆ ಬರುವ ಯಾತ್ರಿಕರು ಬಸ್ಸಿಳಿದು ಮೈ ಮುರಿಯುತ್ತಾರೆ. ಇಲ್ಲಿಯವರಿಗೆ ಇಳಿಜಾರಿನ ತೋಟ, ಜೀಪು, ಅಂಗಳದ ಪಾಚಿ. ಮಳೆಗಾಲದಲ್ಲಿ ಜಾರಿ ಕುಂಡೆ ಊರಿ ಬಿದ್ದವರು ಮನೆಗೊಬ್ಬರಾದರೂ ಇದ್ದಾರೆ. ಮದ್ದು ಹೇಳುವವರಿಗೂ ಬರವಿಲ್ಲ. ಒಬ್ಬರು ಮಹಾನಾರಾಯಣ ತೈಲ ಎನ್ನುತ್ತಾರೆ, ಇನ್ನೊಬ್ಬರು ಹಂಡೆಯ ಬಿಸಿನೀರು, ಮತ್ತೊಬ್ಬರು ಉಳುಕು ತೆಗೆಯುವವರ ಮನೆಗೆ ದಾರಿ ತೋರಿಸುತ್ತಾರೆ. ಕಾಯಿಲೆಯ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಒಂದೇ: ಡಿಸ್ಕ್.

ಪಾಪದ ಡಿಸ್ಕ್! ಅದು ಮಾಡದ ತಪ್ಪನ್ನೂ ಅದರ ತಲೆಗೇ ಕಟ್ಟುತ್ತೇವೆ. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿ ಎಡಬಲದ ಸೊಂಟದ ಮೂಳೆಗೆ ಕೂಡುವಲ್ಲಿ ಒಂದೊಂದು ಕೀಲಿದೆ. ವೈದ್ಯರು ಅದನ್ನು ಸ್ಯಾಕ್ರೊಇಲಿಯಾಕ್ ಎನ್ನುತ್ತಾರೆ. ಅಲುಗಾಡುವುದು ಕೆಲವೇ ಮಿಲಿಮೀಟರು. ಆದರೂ ಮೇಲಿನ ಭಾರವೆಲ್ಲ ಕಾಲಿಗೆ ಇಳಿಯುವುದು ಅದರ ಮೂಲಕವೇ. ಬಿದ್ದಾಗ, ಬಸುರು-ಬಾಣಂತನದಲ್ಲಿ, ಬೆನ್ನಿನ ಆಪರೇಷನ್ ಆದ ಮೇಲೆ ಅದು ಮುನಿಯುವುದುಂಟು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಊರಿಕೊಂಡು ದಿನವಿಡೀ ಕಾಫಿ ಹಣ್ಣು ಕೊಯ್ಯುವ ಹೆಂಗಸರ ಬಗ್ಗೆಯೂ ನನಗೊಂದು ಗುಮಾನಿಯಿದೆ. ಎಲ್ಲಿ ನೋವು ಎಂದು ಕೇಳಿದರೆ ಇಂಥವರು ಬೆನ್ನೆಲ್ಲ ಸವರುವುದಿಲ್ಲ. ಸೊಂಟದ ಕೆಳಗಿನ ಗುಳಿಯ ಹತ್ತಿರ ಒಂದೇ ಬೆರಳಿಡುತ್ತಾರೆ. ಎಂಆರ್‌ಐಗಿಂತ ಆ ಬೆರಳು ಹೆಚ್ಚು ಹೇಳುವುದೂ ಉಂಟು.

ಮಾತ್ರೆ, ವ್ಯಾಯಾಮ, ಕೀಲಿಗೆ ಕೊಡುವ ಸ್ಟಿರಾಯ್ಡ್ ಯಾವುದಕ್ಕೂ ಬಗ್ಗದಿದ್ದರೆ ಸೂಜಿ ಚುಚ್ಚಿ, ಅದರ ತುದಿಯ ಕಾವಿನಿಂದ ನರ ಸುಡುತ್ತಾರೆ. ಅಜ್ಜಿಯ ಕಾಲದ ಬರೆ ಎಂದುಕೊಳ್ಳಬೇಡಿ. ಸುಡುವುದು ಕಾಲು ನಡೆಸುವ ನರವನ್ನಲ್ಲ, ಕೀಲಿನ ನೋವು ಹೊತ್ತೊಯ್ಯುವ ಸಣ್ಣ ಕವಲುಗಳನ್ನು. ಅವು ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿಯುತ್ತವೆ, ತೊಡಕಿರುವುದೇ ಅಲ್ಲಿ. ಮಾಮೂಲಿ ಸೂಜಿಯ ಕಾವು ಏರಿಸಿದರೆ, ಜೋರು ಉರಿಯಲ್ಲಿ ಹುರಿದ ಕಾಫಿಬೀಜ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿದಂತೆ, ತುದಿಯ ಸುತ್ತ ಕರಿಕಟ್ಟಿ ಆಚೆಗೆ ಬಿಸಿ ದಾಟುವುದಿಲ್ಲ. ಅದಕ್ಕೇ ಈಗಿನ ಸೂಜಿಯೊಳಗೆ ನೀರು ಹರಿಸುತ್ತಾರೆ. ತುದಿ 60 ಡಿಗ್ರಿಯ ಸುಮಾರಿನಲ್ಲಿ ನಿಂತು, ಸುತ್ತಲಿನ ಜಾಗ ಅದಕ್ಕಿಂತ ಹೆಚ್ಚು ಕಾದು, ಗುಂಡಗೆ ಅಗಲವಾಗಿ ಬೇಯುತ್ತದೆ. ಅಡ್ಡದಾರಿ ಹಿಡಿದ ಕವಲೂ ಸಿಕ್ಕಿಬೀಳುತ್ತದೆ. ಅಮೆರಿಕದ ಸ್ಟೀವನ್ ಕೋಹೆನ್ ಮತ್ತು ಸಂಗಡಿಗರು 2008ರಲ್ಲಿ 28 ಮಂದಿಯಲ್ಲಿ ಅರ್ಧ ಜನಕ್ಕೆ ನಿಜವಾಗಿ, ಉಳಿದವರಿಗೆ ಹುಸಿಯಾಗಿ ಮಾಡಿ ನೋಡಿದರು. ನಿಜದ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ನೋವು ಆರು ತಿಂಗಳಾದರೂ ಅರ್ಧಕ್ಕೆ ಇಳಿದೇ ಇತ್ತು. 28 ಎಂದರೆ ದೊಡ್ಡ ತೋಟದ ಒಂದು ದಿನದ ಕೊಯ್ಲಿನ ಆಳು, ಅದೂ ನೆನಪಿರಲಿ.

ನನಗೆ ಹಿಡಿಸಿದ್ದು ಸುಡುವ ಮುಂಚಿನ ಹೆಜ್ಜೆ. ಮೊದಲು ಬರೀ ಮರಗಟ್ಟಿಸುವ ಔಷಧಿ ಕೊಟ್ಟು, ನಡೆಸಿ, ಬಗ್ಗಿಸಿ ನೋಡುತ್ತಾರೆ. ನೋವು ಅರ್ಧಕ್ಕಾದರೂ ಇಳಿಯದಿದ್ದರೆ ತಪ್ಪಿತಸ್ಥ ಬೇರೆಲ್ಲೋ ಇದ್ದಾನೆ. ಈ ಪರೀಕ್ಷೆ ಬೇಡ, ನೇರ ಸುಟ್ಟುಬಿಡೋಣ ಎನ್ನುವವರು ಸಿಕ್ಕರೆ ಎದ್ದು ಕುದುರೆಮುಖದ ಮೇಲಿನ ಬಸ್ಸು ಹತ್ತಿ ವಾಪಸು ಬನ್ನಿ.

ಕೀಲು ಇದರಿಂದ ರಿಪೇರಿಯಾಗುವುದಿಲ್ಲ. ಸುಟ್ಟ ನರ ಮತ್ತೆ ಬೆಳೆಯುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ನೋವು ಮರಳಬಹುದು, ಆಗ ಮತ್ತೆ ಮಾಡಿಸಬಹುದು. ಇಷ್ಟನ್ನೂ ನಮ್ಮ ಭಾವನಿಗೆ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ಕಳಚಿ ತಂದರು: "ಹಂಗಾದ್ರೆ ಯಾವ ತಿಂಗಳು ಮಾಡಿಸಿದ್ರೆ ಕೊಯ್ಲು, ಮರಗಸಿ ಎರಡೂ ಮುಗಿಯುತ್ತೆ ಹೇಳಿ ಭಾವ."