ತರೀಮಿನಿಂದ ಹೊರಟ ಹೆಸರು

ಅರಬಸ್ಥಾನದ ತೆಂಕಣ ಅಂಚಿನಲ್ಲಿ, ಕಡಲಿಗೂ ಮರಳುಗಾಡಿಗೂ ನಡುವೆ, ಹದ್ರಮೌತ್ ಎಂಬ ನೀಳವಾದ ಕಣಿವೆಯೊಂದುಂಟು. ಇಂದು ಅದು ಯೆಮೆನ್ ದೇಶಕ್ಕೆ ಸೇರಿದೆ. ಇಕ್ಕೆಲಗಳಲ್ಲಿ ಬೋಳು ಬಂಡೆಯ ಗೋಡೆಗಳು. ಅವುಗಳ ಬುಡದಲ್ಲಿ ಖರ್ಜೂರದ ತೋಪುಗಳು. ತೋಪುಗಳ ನಡುವೆ ಹಸಿಮಣ್ಣಿನ ಇಟ್ಟಿಗೆಯಿಂದ ಎತ್ತಿದ ಮನೆಗಳು. ಮಳೆ ಬಂದರೆ ಪ್ರವಾಹ, ಬಾರದಿದ್ದರೆ ಬರ. ಈ ಕಣಿವೆಯಲ್ಲಿ ತರೀಮ್ ಎಂಬ ಪುಟ್ಟ ಪಟ್ಟಣವಿದೆ. 150 ಅಡಿಗೆ ಕಡಿಮೆಯಿಲ್ಲದ, ಮಣ್ಣಿನಿಂದಲೇ ಕಟ್ಟಿದ, ಚೌಕಾಕಾರದ ಮಿನಾರೊಂದು ದೂರದಿಂದಲೇ ಪ್ರಯಾಣಿಕನಿಗೆ ಆ ಊರಿನ ಗುರುತನ್ನು ಹೇಳುತ್ತದೆ. ಪಟ್ಟಣದ ಅಂಚಿನಲ್ಲಿರುವ ಜಂಬಲ್ ಎಂಬ ರುದ್ರಭೂಮಿಯಲ್ಲಿ, ನೂರಾರು ಗೋರಿಗಳ ನಡುವೆ, ಐದು ಶತಮಾನಗಳಿಗೂ ಹಿಂದೆ ತೀರಿಕೊಂಡ ಸಾಧುವೊಬ್ಬನ ಸಮಾಧಿ ಇದೆ. ಅವನ ಹೆಸರು ಇಂದು ಏಡನ್, ಸೂರತ್, ಹೈದರಾಬಾದ್, ಮಲಬಾರ್, ಜಕಾರ್ತಗಳಲ್ಲಿ ಬಾಳುತ್ತಿರುವ ಅಸಂಖ್ಯ ಸಂಸಾರಗಳ ಮನೆತನದ ಹೆಸರಾಗಿದೆ. ಆ ಹೆಸರು ಐದರೂಸ್.

ಅಬ್ದುಲ್ಲಾ ಎಂಬುದು ಆ ಸಾಧುವಿಗೆ ತಂದೆತಾಯಿಗಳಿಟ್ಟ ಹೆಸರು. 1408ರಲ್ಲಿ ಹುಟ್ಟಿ 1461ರಲ್ಲಿ ಕಾಲವಾದ ಆತ, ಪ್ರವಾದಿ ಮಹಮ್ಮದರ ವಂಶದವರೆಂದು ಮನ್ನಣೆ ಪಡೆದ ಬಾ ಅಲವೀ ಎಂಬ ಸಯ್ಯದರ ಕುಲಕ್ಕೆ ಸೇರಿದವನು. ಈ ಕುಲದ ಮೂಲಪುರುಷ ಅಹಮದ್ ಬಿನ್ ಈಸಾ ಹತ್ತನೆಯ ಶತಮಾನದಲ್ಲಿ ಇರಾಕಿನ ಬಸ್ರಾ ನಗರವನ್ನು ತೊರೆದು ಹದ್ರಮೌತಿಗೆ ಬಂದು ನೆಲೆಸಿದನು. ಅಂದರೆ ಈ ಮನೆತನದ ಕಥೆ ಮೊದಲಾಗುವುದೇ ವಲಸೆಯಿಂದ. ಅಬ್ದುಲ್ಲಾ ಇನ್ನೂ ಯುವಕನಾಗಿದ್ದಾಗಲೇ ತರೀಮಿನ ಸೂಫಿಗಳು ಅವನನ್ನು ತಮ್ಮ ಹಿರಿಯನನ್ನಾಗಿ ಒಪ್ಪಿಕೊಂಡರು. ಐದರೂಸ್ ಎಂಬುದು ಅವನಿಗೆ ಸಂದ ಬಿರುದು. ಅರಬ್ಬೀ ಭಾಷೆಯಲ್ಲಿ ಸಿಂಹಕ್ಕೆ ಇರುವ ಹಲವು ಹೆಸರುಗಳಲ್ಲಿ ಒಂದರಿಂದ ಈ ಮಾತು ಹುಟ್ಟಿತೆಂದು ಸಾಂಪ್ರದಾಯಿಕ ವಿವರಣೆ. ಒಬ್ಬ ವ್ಯಕ್ತಿಯ ಬಿರುದು ಅವನ ಮಕ್ಕಳಿಗೂ ಮೊಮ್ಮಕ್ಕಳಿಗೂ ಗುರುತಾಗಿ ಉಳಿದು, ಕ್ರಮೇಣ ಮನೆತನದ ಹೆಸರಾಯಿತು. ತರೀಮಿನ ಸಯ್ಯದರಲ್ಲಿ ಸಖ್ಖಾಫ್, ಅತ್ತಾಸ್, ಹದ್ದಾದ್ ಮೊದಲಾದ ಹೆಸರುಗಳು ಹುಟ್ಟಿದ್ದೂ ಹೀಗೆಯೇ.

ಹೆಸರು ಊರಿನಲ್ಲಿಯೇ ನಿಲ್ಲಲಿಲ್ಲ. ಕಣಿವೆಯ ನೆಲ ಎಲ್ಲರ ಹೊಟ್ಟೆಯನ್ನು ಹೊರೆಯುವಷ್ಟು ಉದಾರಿಯಲ್ಲ. ಆದರೆ ಕೆಲವು ದಿನಗಳ ಒಂಟೆಯ ಪಯಣದಾಚೆ ಶಿಹ್ರ್ ಎಂಬ ಬಂದರಿತ್ತು. ವರ್ಷದ ಅರ್ಧಕಾಲ ಗಾಳಿ ಹಡಗುಗಳನ್ನು ಭಾರತದತ್ತ ಒಯ್ಯುತ್ತಿತ್ತು. ಉಳಿದರ್ಧ ಕಾಲ ಅವನ್ನು ಮರಳಿ ತರುತ್ತಿತ್ತು. ವರ್ತಕರು ಸರಕನ್ನು ಹೊತ್ತರು. ಸಯ್ಯದರು ವಿದ್ಯೆಯನ್ನೂ ವಂಶಗೌರವವನ್ನೂ ಹೊತ್ತರು. ಬಂದರು ಬಂದರಿನಲ್ಲಿಯೂ ಧರ್ಮಗ್ರಂಥ ಬಲ್ಲವರಿಗೆ, ವ್ಯಾಜ್ಯ ತೀರಿಸಬಲ್ಲವರಿಗೆ ಮರ್ಯಾದೆಯಿತ್ತು. ಹೀಗೆ ಹೊರಟವರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವವನು ಅಬ್ದುಲ್ಲಾನ ಮಗನಾದ ಅಬೂಬಕ್ಕರ್. ಅವನು ಏಡನ್ ಬಂದರಿನಲ್ಲಿ ನೆಲೆಸಿ 1508ರಲ್ಲಿ ಅಲ್ಲಿಯೇ ತೀರಿಕೊಂಡನು. ಆ ಊರಿನ ರಕ್ಷಕ ಸಂತನೆಂದು ಜನ ಅವನನ್ನು ಕೊಂಡಾಡಿದರು. ಕಾಫಿಯ ಗುಣವನ್ನು ಮೊದಲು ಕಂಡುಕೊಂಡವನು ಅವನೇ ಎಂದೊಂದು ಐತಿಹ್ಯವೂ ಹಬ್ಬಿತು. ದಾರಿಯಲ್ಲಿ ಕಂಡ ಹಣ್ಣನ್ನು ತಿಂದಾಗ ನಿದ್ರೆ ದೂರವಾಗಿ, ರಾತ್ರಿಯ ಧ್ಯಾನಕ್ಕೆ ಅನುಕೂಲವಾಯಿತಂತೆ. ಐತಿಹ್ಯ ಹೇಗೇ ಇರಲಿ, ಕಾಫಿಯ ಪಾನವನ್ನು ಬಳಕೆಗೆ ತಂದವರಲ್ಲಿ ಯೆಮೆನಿನ ಸೂಫಿಗಳು ಮುಖ್ಯರೆಂಬುದು ನಿಜ. ಬಾಬಾಬುಡನರು ಚಂದ್ರದ್ರೋಣ ಪರ್ವತಕ್ಕೆ ತಂದರೆಂದು ಕನ್ನಡನಾಡು ನಂಬಿರುವ ಬೀಜಗಳೂ ಆ ಯೆಮೆನಿನವೇ.

ಏಡನ್ನಿನ ಆ ಸಮಾಧಿಯ ಬಳಿಯ ಮಸೀದಿ 1859ರಲ್ಲಿ ಮತ್ತೆ ಕಟ್ಟಲ್ಪಟ್ಟಿತು. 1994ರಲ್ಲಿ, ಯೆಮೆನಿನ ಅಂತರ್ಯುದ್ಧ ಮುಗಿದ ಕೆಲವೇ ವಾರಗಳಲ್ಲಿ, ಗೋರಿಗಳನ್ನು ಗೌರವಿಸುವುದು ಧರ್ಮಬಾಹಿರವೆನ್ನುವ ಉಗ್ರವಾದಿಗಳು ಸಮಾಧಿಯ ಮೇಲೆ ದಾಳಿಮಾಡಿ ಹಾನಿಗೊಳಿಸಿದರು. ಆದರೂ ಐದರೂಸನ ಹೆಸರು ಆ ಊರಿನಿಂದ ಅಳಿಯಲಿಲ್ಲ.

ಏಡನ್ನಿನಿಂದ ಕಡಲು ದಾಟಿದರೆ ಗುಜರಾತು. 1551ರಲ್ಲಿ ತರೀಮಿನ ಶೇಖ್ ಬಿನ್ ಅಬ್ದುಲ್ಲಾ ಅಲ್ ಐದರೂಸ್ ಅಹಮದಾಬಾದಿಗೆ ಬಂದು, ಮೂರು ದಶಕಗಳ ಕಾಲ ಅಲ್ಲಿ ಬಾಳಿ, 1582ರಲ್ಲಿ ತೀರಿಕೊಂಡನು. ಅವನ ಮಗ ಅಬ್ದುಲ್ ಖಾದಿರ್ 1570ರಲ್ಲಿ ಆ ನಗರದಲ್ಲಿಯೇ ಹುಟ್ಟಿದವನು. ಹಿಜರಿ ಶಕೆಯ ಹತ್ತನೆಯ ಶತಮಾನದ ಸಂಗತಿಗಳನ್ನೂ, ಆ ಕಾಲದ ವಿದ್ವಾಂಸರ ಹಾಗೂ ಸಂತರ ಚರಿತ್ರೆಗಳನ್ನೂ ವರ್ಷಾನುಕ್ರಮದಲ್ಲಿ ಜೋಡಿಸಿ ಅವನು ಬರೆದ 'ಅನ್ನೂರುಸ್ಸಾಫಿರ್' ಎಂಬ ಅರಬ್ಬೀ ಗ್ರಂಥ ಇಂದಿಗೂ ಇತಿಹಾಸಕಾರರಿಗೆ ಬೇಕಾದ ಆಕರ. ದಕ್ಷಿಣ ಅರಬಸ್ಥಾನದ ವೃತ್ತಾಂತವನ್ನು ಸಾಬರಮತಿಯ ದಡದಲ್ಲಿ ಕುಳಿತು ಬರೆದ ಈ ವಿದ್ವಾಂಸ, ತನ್ನ ಜನನದ ವಿಷಯವನ್ನೂ ಅದರಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾನೆ. ಅವನ ತಾಯಿ ಭಾರತದವಳು, ದಾಸಿಯಾಗಿದ್ದವಳು, ರಾಜಮನೆತನದ ಮಹಿಳೆಯೊಬ್ಬಳು ಅವನ ತಂದೆಗೆ ಕೊಡುಗೆಯಾಗಿ ಒಪ್ಪಿಸಿದವಳು.

ಈ ತಾಯಿಯ ಬಳಿ ಒಂದು ಗಳಿಗೆ ನಿಲ್ಲಬೇಕು. ಹದ್ರಮೌತಿನ ಗಂಡಸರು ಕಡಲು ದಾಟಿದರು. ಹೆಂಗಸರು ಸಾಮಾನ್ಯವಾಗಿ ದಾಟಲಿಲ್ಲ. ಆದಕಾರಣ ಗುಜರಾತಿನಲ್ಲಿ ನೆಲೆಸಿದವನು ಗುಜರಾತಿನ ಹೆಣ್ಣನ್ನೂ, ಮಲಬಾರಿನಲ್ಲಿ ನೆಲೆಸಿದವನು ಮಲಬಾರಿನ ಹೆಣ್ಣನ್ನೂ, ಜಾವಾದಲ್ಲಿ ನೆಲೆಸಿದವನು ಜಾವಾದ ಹೆಣ್ಣನ್ನೂ ಕೈಹಿಡಿದನು. ವಂಶಾವಳಿಯ ಪಟ್ಟಿಗಳು ತಂದೆಯಿಂದ ತಂದೆಗೆ ಏರುತ್ತ ತರೀಮನ್ನೂ ಬಸ್ರಾವನ್ನೂ ಮುಟ್ಟುತ್ತವೆ. ಆ ಸಾಲಿನಲ್ಲಿ ತಾಯಂದಿರಿಗೆ ಸ್ಥಳವಿಲ್ಲ. ಆದರೆ ಪರದೇಶದಲ್ಲಿ ಆ ಹೆಸರು ಬೇರೂರಿದ್ದು ಅವರಿಂದಲೇ. ಮಗುವಿಗೆ ಮೊದಲ ಮಾತು ಕಲಿಸಿದವರು, ಉಣ್ಣಿಸಿದವರು, ನೆರೆಹೊರೆಯಲ್ಲಿ ಬಂಧುಬಳಗವನ್ನು ಕೊಟ್ಟವರು ಅವರು. ಹೆಸರು ತಂದೆಯದು, ನುಡಿ ತಾಯಿಯದು: ಐದರೂಸ್ ಮನೆತನ ಹಬ್ಬಿದ ನಾಡುಗಳಲ್ಲೆಲ್ಲ ಕಾಣಬರುವ ಸಾಮಾನ್ಯ ಲಕ್ಷಣ ಇದು.

ಗುಜರಾತಿನಿಂದ ಹೆಸರು ದಖ್ಖನ್ನಿಗೂ ಇಳಿಯಿತು. ಮೊದಲು ಬಂದ ಶೇಖನ ಹೆಸರನ್ನೇ ಹೊತ್ತ ಅವನ ಮೊಮ್ಮಗ, ತರೀಮಿನಲ್ಲಿ ಹುಟ್ಟಿದವನು, 1616ರಲ್ಲಿ ಅಹಮದಾಬಾದಿನಲ್ಲಿದ್ದ ಚಿಕ್ಕಪ್ಪ ಅಬ್ದುಲ್ ಖಾದಿರನ ಬಳಿಗೆ ಬಂದನು. ಬಳಿಕ ಅವನ ಹೆಜ್ಜೆಗಳು ಅಹಮದ್‌ನಗರದ ನಿಜಾಮಶಾಹಿಯ ಪ್ರಬಲ ಮಂತ್ರಿ ಮಲಿಕ್ ಅಂಬರನ ಕಡೆಗೂ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೂ ತಿರುಗಿದವು. ಸರಸ್ವತಿಯನ್ನೂ ಗಣಪತಿಯನ್ನೂ ತನ್ನ ಗೀತೆಗಳಲ್ಲಿ ಸ್ಮರಿಸಿದ, ಸಂಗೀತವೇ ಪ್ರಾಣವೆಂದು ಬಗೆದ ಆ ಸುಲ್ತಾನ ಈ ತರೀಮಿನ ಅತಿಥಿಯನ್ನು ಬಹುವಾಗಿ ಆದರಿಸಿದನು. ಅತಿಥಿಯ ಪ್ರಭಾವದಿಂದ ಸುಲ್ತಾನ ಅರಬ್ಬೀ ಉಡುಪನ್ನೇ ಧರಿಸತೊಡಗಿದನೆಂದು ಐದರೂಸರ ಚರಿತ್ರೆಕಾರರು ಹೆಮ್ಮೆಯಿಂದ ಬರೆದರು. ಸುಲ್ತಾನ 1627ರಲ್ಲಿ ಕಾಲವಾದನು. ಶೇಖನೂ ಮತ್ತೆ ತರೀಮನ್ನು ಕಾಣಲಿಲ್ಲ, ದೌಲತಾಬಾದಿನಲ್ಲಿ ಮಣ್ಣಾದನು. ಅತ್ತ ಸೂರತ್ತಿನಲ್ಲಿ, ಈ ಮನೆತನದ ಹೆಸರನ್ನೇ ಹೊತ್ತು 1639ರಲ್ಲಿ ಎದ್ದ ಮಸೀದಿಯೂ ಅದರ ಎತ್ತರದ ಮಿನಾರೂ ಆ ನಗರದ ಹೆಗ್ಗುರುತಾದವು.

ಮಲಬಾರಿನಲ್ಲಿ ಈ ಕುಲದವರು ತಂಙಳ್ ಎಂಬ ಗೌರವದ ಹೆಸರನ್ನು ಪಡೆದರು; ಅರಬ್ಬೀ ಗ್ರಂಥಗಳನ್ನು ಓದುತ್ತ ಮನೆಯಲ್ಲಿ ಮಲಯಾಳ ಮಾತಾಡಿದರು. ಅಲ್ಲಿಂದ ಮೂಡಣಕ್ಕೆ ಸಾಗಿದರೆ ಜಾವಾ. ಜಕಾರ್ತದ ಹಳೆಯ ಬಂದರಾದ ಸುಂದಾ ಕೆಲಾಪದ ಬಳಿ, ದೋಣಿಗಳ ಹಾಗೂ ಮೀನುಗಾರರ ಕೇರಿಗಳ ನಡುವೆ, ಲುವಾರ್ ಬಾತಾಂಗ್ ಎಂಬ ಮಸೀದಿಯಿದೆ. ಡಚ್ಚರ ಆಳ್ವಿಕೆಯ ಕಾಲದಲ್ಲಿ, 1756ರಲ್ಲಿ ನಿಧನಹೊಂದಿದ ಹುಸೇನ್ ಬಿನ್ ಅಬೂಬಕ್ಕರ್ ಅಲ್ ಐದರೂಸನ ಸಮಾಧಿ ಅಲ್ಲಿರುವುದು. ಲುವಾರ್ ಬಾತಾಂಗ್ ಎಂದರೆ 'ಚಟ್ಟದ ಹೊರಗೆ' ಎಂದು ಜನ ಅರ್ಥ ಹೇಳುತ್ತಾರೆ. ಶವವನ್ನು ಬೇರೆಡೆ ಹೂಳಲು ಹೊತ್ತೊಯ್ದಾಗಲೆಲ್ಲ ಚಟ್ಟ ಬರಿದಾಗುತ್ತಿತ್ತಂತೆ. ದೇಹ ಅವನು ಬಾಳಿದ ಕೋಣೆಗೇ ಮರಳಿರುತ್ತಿತ್ತಂತೆ. ಕಡೆಗೆ ಅಲ್ಲಿಯೇ ಮಣ್ಣುಮಾಡಿದರು. ತಾಯ್ನಾಡನ್ನು ಬಿಟ್ಟು ಬಂದವನು ನಮ್ಮ ಊರನ್ನು ಬಿಟ್ಟು ಹೋಗಲೊಲ್ಲನೆಂದು ಒಂದು ಕೇರಿಯ ಜನ ಕಟ್ಟಿಕೊಂಡ ಕಥೆ ಇದು.

ದೇಶ ಬದಲಾದಂತೆ ಹೆಸರಿನ ಬರಹವೂ ಬದಲಾಯಿತು. ಅರಬ್ಬಿಯಲ್ಲಿ ಅದರ ಮೊದಲಲ್ಲಿ ಗಂಟಲಿನ ಆಳದಿಂದ ಹೊರಡುವ ಅಕ್ಷರವೊಂದಿದೆ. ಹೊರನಾಡಿನ ನಾಲಿಗೆಗಳಿಗೆ ಅದು ಒಗ್ಗಲಿಲ್ಲ. ಗುಜರಾತಿನಲ್ಲಿಯೂ ಹೈದರಾಬಾದಿನಲ್ಲಿಯೂ ಎದ್ರೂಸ್ ಆಯಿತು. ಮಲೇಷ್ಯದಲ್ಲಿ ಅಲ್ ಇದ್ರುಸ್ ಆಯಿತು. ಇಂಡೋನೇಷ್ಯದಲ್ಲಿ ಅಲಾಯ್ದ್ರುಸ್ ಎಂದು ಒಂದೇ ಪದವಾಗಿ ಬೆಸೆದುಕೊಂಡಿತು. ಮುಂದಿನ ಗೌರವಪದಗಳೂ ಅಷ್ಟೆ: ಒಂದೆಡೆ ಸಯ್ಯದ್, ಒಂದೆಡೆ ಹಬೀಬ್, ಒಂದೆಡೆ ತಂಙಳ್, ಬೋರ್ನಿಯೋದಲ್ಲಿ ಷರೀಫ್. ಬೋರ್ನಿಯೋದ ಪಶ್ಚಿಮ ತೀರದ ಕುಬು ಎಂಬಲ್ಲಿ ಈ ಮನೆತನದವರು ಒಂದು ಸಣ್ಣ ರಾಜ್ಯವನ್ನೇ ಆಳಿದರು. ಮಲಯದ ತೆರೆಂಗಾನು ಪ್ರಾಂತದಲ್ಲಿ, 1917ರಲ್ಲಿ ತೀರಿಕೊಂಡ ಸಯ್ಯದ್ ಅಬ್ದುಲ್ ರಹಮಾನ್ ಅಲ್ ಇದ್ರುಸ್ ಎಂಬ ಗುರುವನ್ನು ಜನ 'ತೊಕ್ ಕು ಪಾಲೋ' ಎಂದು ಮಲಯ ಮಾತಿನಲ್ಲಿಯೇ ಕರೆದು ತಮ್ಮವನನ್ನಾಗಿ ಮಾಡಿಕೊಂಡರು.

ಇನ್ನೊಂದು ಸೋಜಿಗವೂ ಉಂಟು. ಮನೆತನದ ಹೆಸರಾದ ಬಿರುದು ಮತ್ತೆ ವ್ಯಕ್ತಿಯ ಹೆಸರಾಗಿ ತಿರುಗಿತು. ಸಂತನ ಮೇಲಿನ ಭಕ್ತಿಯಿಂದ, ಆ ರಕ್ತಕ್ಕೆ ಸೇರದವರೂ ಮಕ್ಕಳಿಗೆ ಆ ಹೆಸರನ್ನಿಟ್ಟರು. ಪೂರ್ವ ಆಫ್ರಿಕದ ಪಾಟೆ ದ್ವೀಪದಲ್ಲಿ ಅರಬ್ಬೀ ಸ್ತೋತ್ರವೊಂದನ್ನು ಸ್ವಾಹಿಲಿಗೆ ತಂದ ಕವಿಯ ಹೆಸರು ಐದರೂಸ್. 1930ರಲ್ಲಿ ಸುಲಾವೇಸಿಯ ಪಾಲು ನಗರದಲ್ಲಿ ಅಲ್ ಖೈರಾತ್ ವಿದ್ಯಾಸಂಸ್ಥೆಯನ್ನು ತೆರೆದ ಸಯ್ಯದ್ ಇದ್ರುಸನ ಮನೆತನದ ಹೆಸರು ಅಲ್ ಜುಫ್ರೀ. ಕೇರಳದಲ್ಲಿಯೂ ಐದ್ರೂಸ್ ಎಂಬುದು ಸಾಮಾನ್ಯರ ಮನೆಗಳಲ್ಲಿ ಕೇಳಿಬರುವ ಹೆಸರು. ಆದುದರಿಂದ ಈ ಹೆಸರು ಕಂಡಲ್ಲೆಲ್ಲ ತರೀಮಿನ ರಕ್ತಸಂಬಂಧವಿದೆ ಎನ್ನಲಾಗದು.

ಹೈದರಾಬಾದಿನ ಕಥೆಯ ಬಣ್ಣವೇ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹದ್ರಮೌತಿನ ಅರಬರು ನಿಜಾಮನ ಸೈನ್ಯಕ್ಕೆ ಹಿಂಡುಹಿಂಡಾಗಿ ಬಂದು ಸೇರಿದರು; ಅವರ ವಂಶೀಕರು ಬಾಳುತ್ತಿರುವ ಬಾರ್ಕಸ್ ಎಂಬ ಬಡಾವಣೆಯ ಹೆಸರು 'ಬ್ಯಾರಕ್ಸ್' ಎಂಬ ಇಂಗ್ಲಿಷ್ ಮಾತಿನ ರೂಪಾಂತರ. ನಿಜಾಮನ ಸೈನ್ಯದ ಕೊನೆಯ ದಂಡನಾಯಕ ಮೇಜರ್ ಜನರಲ್ ಸಯ್ಯದ್ ಅಹಮದ್ ಎಲ್ ಎದ್ರೂಸ್. 1948ರ ಸೆಪ್ಟೆಂಬರ್ 18ರಂದು ಭಾರತೀಯ ಸೈನ್ಯದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಂದೆ ಶರಣಾಗತಿಯನ್ನು ಒಪ್ಪಿಸಬೇಕಾಗಿ ಬಂದದ್ದು ಅವರಿಗೇ. ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ದೊರೆತ ಆ ದಿನಗಳ ಚಿತ್ರಗಳಲ್ಲಿ, ತರೀಮಿನ ಸಾಧುವಿನ ಹೆಸರನ್ನು ಹೊತ್ತ ಈ ಯೋಧರೂ ಕಾಣಿಸುತ್ತಾರೆ.

ಇಷ್ಟು ಗಂಡಸರು ಹೊರಟುಹೋದ ಮೇಲೆ ಕಣಿವೆಯಲ್ಲಿ ಉಳಿದವರಾರು? ಹೊಲಗಳಲ್ಲಿ ಕಪ್ಪುಡುಗೆ ತೊಟ್ಟು, ಹುಲ್ಲಿನಿಂದ ಹೆಣೆದ ಎತ್ತರದ ಚೂಪು ಟೋಪಿಯಿಟ್ಟು ದುಡಿಯುವ ಹೆಂಗಸರು ಇಂದಿಗೂ ಹದ್ರಮೌತಿನ ಪರಿಚಿತ ದೃಶ್ಯ. ಮದುವೆಯಾದ ಕೆಲವೇ ತಿಂಗಳಿಗೆ ಗಂಡ ಹಡಗು ಹತ್ತಿ, ಹತ್ತಿಪ್ಪತ್ತು ವರ್ಷ ಅವನ ಹಣ ಮಾತ್ರ ಬರುತ್ತಿದ್ದ ಮನೆಗಳು ಅಲ್ಲಿ ಎಷ್ಟೋ ಇದ್ದವು. ಆ ಹಣದಿಂದಲೇ ತರೀಮಿನಲ್ಲಿ ಜಾವಾ ಹಾಗೂ ಸಿಂಗಪುರದ ಶೈಲಿಯ ಮಣ್ಣಿನ ಅರಮನೆಗಳೆದ್ದವು. 1942ರಲ್ಲಿ ಜಪಾನೀಯರು ಸಿಂಗಪುರವನ್ನೂ ಜಾವಾವನ್ನೂ ಹಿಡಿದಾಗ ಹಣದ ದಾರಿ ಕಡಿಯಿತು, ಮಳೆಯೂ ಕೈಕೊಟ್ಟಿತು. 1943-44ರ ಕ್ಷಾಮದಲ್ಲಿ ಕಣಿವೆ ತತ್ತರಿಸಿತು. ಕಡಲಾಚೆಯ ದುಡಿಮೆಯನ್ನೇ ನಂಬಿದ ಊರಿಗೆ ಆ ಹೆಸರಿನ ಕೀರ್ತಿ ಅನ್ನವಾಗಲಿಲ್ಲ.

ಕಡಲಾಚೆಯಲ್ಲಿ ಹುಟ್ಟಿದ ಗಂಡುಮಕ್ಕಳನ್ನು ಅರಬ್ಬೀ ಕಲಿಯಲೆಂದು ತರೀಮಿಗೆ ಕಳುಹಿಸುವುದು ಹಳೆಯ ವಾಡಿಕೆ. ವಂಶಾವಳಿ ಕೆಡಬಾರದೆಂದು 1928ರಲ್ಲಿ ಜಕಾರ್ತದಲ್ಲಿ ಸ್ಥಾಪನೆಯಾದ ರಾಬಿತಾ ಅಲವಿಯ್ಯಾ ಸಂಘ ಮನೆಮನೆಯ ಹೆಸರುಗಳನ್ನು ದಾಖಲೆಪುಸ್ತಕಗಳಲ್ಲಿ ಕಾಪಾಡಿಕೊಂಡು ಬಂದಿತು. 1990ರ ದಶಕದಲ್ಲಿ ತರೀಮಿನಲ್ಲಿ ದಾರುಲ್ ಮುಸ್ತಫಾ ಎಂಬ ವಿದ್ಯಾಕೇಂದ್ರ ಆರಂಭವಾದಮೇಲೆ ಇಂಡೋನೇಷ್ಯದಿಂದಲೂ ಮಲೇಷ್ಯದಿಂದಲೂ ತರುಣರು ಮತ್ತೆ ಅಲ್ಲಿಗೆ ಬರತೊಡಗಿದರು.

ಶುಕ್ರವಾರದಂದು ಜಂಬಲಿನ ಗೋರಿಗಳ ನಡುವೆ ಸಾಗುವ ಸಾಲಿನಲ್ಲಿ ಇಂತಹ ಹುಡುಗರನ್ನು ಕಾಣಬಹುದು. ಮೈಬಣ್ಣ, ಮುಖಲಕ್ಷಣ ಜಾವಾದ್ದು. ಉಟ್ಟ ಲುಂಗಿಯೂ ಅಲ್ಲಿಯದೇ. ಅವರಲ್ಲಿ ಅಲಾಯ್ದ್ರುಸ್ ಎಂಬ ಹೆಸರಿನವನು ಅಬ್ದುಲ್ಲಾನ ಸಮಾಧಿಯ ಮುಂದೆ ನಿಂತಾಗ, ಹೊಸದಾಗಿ ಕಲಿತ ಅರಬ್ಬಿಯಲ್ಲಿ ಪ್ರಾರ್ಥನೆ ಹೇಳುತ್ತಾನೆ. ಅದು ಮುಗಿದ ಮೇಲೆ ಪಕ್ಕದ ಗೆಳೆಯನೊಡನೆ ಆಡುವುದು, ದೂರದ ಮನೆಯಲ್ಲಿ ತಾಯಿ ಕಲಿಸಿದ ಮಾತನ್ನೇ.