ಮೂರನೇ ಮಹಡಿಗೆ ಬಂದ ಎರಡು ಬೆಕ್ಕು

ನಾಯಿ ಜನರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ‘ಬೆಕ್ಕಿನ ಬಿಡಾರ ಬೇರೆ’ ಎಂಬ ಗಾದೆಯೂ ಇದೆ. ಹಾಗಾದರೆ ನಂಬಿದ ಮನೆಯೇ ಬದಲಾದರೆ ಬೆಕ್ಕು ಏನು ಮಾಡುತ್ತದೆ? ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಗೆ ಎರಡು ಬೆಕ್ಕು ಬಂದ ಮೇಲೆ ಇದಕ್ಕೆ ಉತ್ತರ ನಿಧಾನವಾಗಿ ಸಿಕ್ಕಿತು.

ನಮ್ಮ ದಾದಿ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿದ್ದರು. ದಾದಾ ಇದ್ದಷ್ಟು ಕಾಲ ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುಮನೆಗೆ ಇಲಿ ನುಗ್ಗಿದರೆ ಹಣ್ಣಾದ ಹುಳವನ್ನೂ ಬಿಡುವುದಿಲ್ಲ, ಗೂಡನ್ನೂ ಬಿಡುವುದಿಲ್ಲ. ಅದಕ್ಕೇ ಆ ಮನೆಯ ಸುತ್ತ ಯಾವಾಗಲೂ ಬೆಕ್ಕು ಇರುತ್ತಿತ್ತು. ದಾದಾ ಹೋದ ಮೇಲೆ ಹುಳು ನಿಂತಿತು, ಚಂದ್ರಿಕೆಗಳು ಅಟ್ಟ ಸೇರಿದವು, ಬೆಕ್ಕುಗಳು ಮಾತ್ರ ಉಳಿದವು. ದಾದಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಇನ್ನು ಒಬ್ಬರೇ ಇರುವುದು ಬೇಡವೆಂದು ಅಬ್ಬಾ ಮಂಡ್ಯಕ್ಕೆ ಕರೆದರು. ದಾದಿ ಹೇಳಿದ್ದು ಒಂದೇ ಮಾತು: “ಇವೆರಡೂ ಬಂದರೆ ನಾನೂ ಬರ್ತೀನಿ. ಇವನ್ನ ಬೀದಿಗೆ ಬಿಟ್ಟು ನಾನು ಬರಲ್ಲ.”

ಹೀಗೆ ಮುನ್ನಿ ಮತ್ತು ಕಾಲು ನಮ್ಮ ಪಾಲಿಗೆ ಬಂದವು. ಮುನ್ನಿ ತಾಯಿ, ಕಾಲು ಅದರ ಒಂದು ವರ್ಷದ ಮಗ. ನಮ್ಮ ಮನೆಮಾತಿನಲ್ಲಿ ಕಾಲು ಎಂದರೆ ಕರಿಯ. ಆದರೆ ಕಟ್ಟಡದಲ್ಲಿ ನಾನು “ಕಾಲು ಎಲ್ಲಿ? ಕಾಲು ಕಾಣ್ತಾ ಇಲ್ಲ” ಎಂದು ಕೂಗಿದಾಗಲೆಲ್ಲ ಎದುರುಮನೆಯ ಆಂಟಿ ನನ್ನ ಕಾಲು ನೋಡಿ ನಗುತ್ತಾರೆ.

ನಮ್ಮದು ಬಾಡಿಗೆ ಮನೆ. ಮೂರನೇ ಮಹಡಿ, ಎರಡು ಕೋಣೆ, ಒಂದು ಹಾಲ್, ರಸ್ತೆ ಕಡೆಗೆ ಚಿಕ್ಕ ಬಾಲ್ಕನಿ. ಮಣ್ಣು ಎಂಬುದು ತುಳಸಿ ಮತ್ತು ಪುದೀನ ಕುಂಡದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಬೆಕ್ಕು ತರುತ್ತೇವೆ ಎಂದು ಅಬ್ಬಾ ಮೊದಲೇ ಓನರ್ ಅಂಕಲ್‌ಗೆ ತಿಳಿಸಿದ್ದರು. “ತನ್ನಿ, ಒಂದು ತಿಂಗಳು ನೋಡ್ತೀನಿ. ಬೇರೆ ಮನೆಯವರು ತಕರಾರು ತೆಗೆದ್ರೆ ಮಾತ್ರ ಇಟ್ಕೊಳಂಗಿಲ್ಲ” ಎಂದಿದ್ದರು ಅವರು. ಅಂದರೆ ಬೆಕ್ಕು ಒಂದು ತಿಂಗಳೊಳಗೆ ಹೊಂದಿಕೊಳ್ಳಬೇಕು. ಇಲ್ಲದಿದ್ದರೆ ಬೆಕ್ಕಿನ ಜೊತೆ ದಾದಿಯೂ ವಾಪಸು ಹೋಗುತ್ತಾರೆ. ದಾದಿ ಹೇಳಿದ ಮಾತನ್ನು ಬದಲಿಸುವವರಲ್ಲ.

ಮಳವಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಬಿದಿರಿನ ಎರಡು ಮಂಕರಿಯಲ್ಲಿ ಬೇರೆಬೇರೆಯಾಗಿ ಕೂರಿಸಿ, ಮೇಲೆ ದಾದಿಯ ಹಳೇ ಸೀರೆ ಹೊದಿಸಿ ಕಟ್ಟಿದ್ದೆವು. ಕತ್ತಲಿದ್ದರೆ ಬೆಕ್ಕಿಗೆ ಭಯ ಕಡಿಮೆ. ಹೊರಡುವ ಮುಂಚಿನ ಕೆಲವು ಗಂಟೆ ಊಟ ಕೊಡಲಿಲ್ಲ, ಬಸ್ಸಿನ ಕುಲುಕಾಟಕ್ಕೆ ವಾಂತಿಯಾಗಬಾರದೆಂದು. ಜೊತೆಗೆ ಅವು ಮಲಗುತ್ತಿದ್ದ ಗೋಣಿಚೀಲವನ್ನು ಒಗೆಯದೆ ಹಾಗೆಯೇ ತಂದೆವು. ಒಲೆಯ ಬೂದಿಯನ್ನೂ ಒಂದು ಡಬ್ಬಿ ತುಂಬಿಕೊಂಡೆವು. ಅಮ್ಮಿಗೆ ಇದೆಲ್ಲ ವಿಚಿತ್ರವಾಗಿ ಕಂಡಿತು. ಆದರೆ ಆ ಕೊಳೆ ಚೀಲವೇ ಮುಂದೆ ತುಂಬ ಕೆಲಸಕ್ಕೆ ಬಂತು.

ಮನೆಗೆ ಬಂದ ಕೂಡಲೇ ಇಡೀ ಮನೆ ಬಿಟ್ಟುಕೊಡಲಿಲ್ಲ. ದಾದಿಯ ಕೋಣೆ ಒಂದೇ. ಹೊಸ ಜಾಗದಲ್ಲಿ ಬೆಕ್ಕು ಮೊದಲು ಹುಡುಕುವುದು ಅಡಗಿಕೊಳ್ಳಲು ಒಂದು ಮೂಲೆ. ಕೋಣೆ ಚಿಕ್ಕದಾದಷ್ಟೂ ಅದಕ್ಕೆ ಧೈರ್ಯ ಬೇಗ ಬರುತ್ತದೆ. ಒಂದು ಮೂಲೆಯಲ್ಲಿ ನೀರು ಮತ್ತು ಊಟ, ಅದರಿಂದ ದೂರದ ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಬೇಸಿನ್‌ನಲ್ಲಿ ಮರಳು, ಮೇಲೆ ಊರಿನ ಬೂದಿ ಉದುರಿಸಿದ್ದು. ಹಳ್ಳಿಯಲ್ಲಿ ಅವು ಬೂದಿಗುಂಡಿಯಲ್ಲೇ ಕೆರೆದು ಮುಚ್ಚುತ್ತಿದ್ದವು. ಅದೇ ವಾಸನೆ ಇದ್ದುದರಿಂದ ಮುನ್ನಿ ಮೊದಲ ರಾತ್ರಿಯೇ ಬೇಸಿನ್ ಬಳಸಿತು. ಬಾಲ್ಕನಿಯ ಕುಂಡಗಳು ಉಳಿದವು.

ಮಂಕರಿ ಬಿಚ್ಚಿದ ಕ್ಷಣದಲ್ಲಿ ಎರಡೂ ಕಬ್ಬಿಣದ ಮಂಚದ ಕೆಳಗೆ ನುಗ್ಗಿ ಗೋಡೆಗೆ ಅಂಟಿಕೊಂಡವು. ಒಂದು ದಿನವಾಯಿತು, ಎರಡು ದಿನವಾಯಿತು. ನನ್ನ ತಮ್ಮ ಕೈ ಹಾಕಿ ಎಳೆಯಲು ಹೋದಾಗ ದಾದಿ ತಡೆದರು. ನಮ್ಮ ಮನೆಯ ಮಾತು ಉರ್ದು, ಆದರೆ ಹುಳುವಿನ ಕಸುಬಿನ ಮಾತೆಲ್ಲ ದಾದಿಗೆ ಕನ್ನಡದಲ್ಲೇ ಬರುವುದು. “ಮುಟ್‌ಬ್ಯಾಡ. ಅವು ಜ್ವರಕ್ಕೆ ಕೂತವೆ” ಎಂದರು.

ರೇಷ್ಮೆ ಬೆಳೆಯುವ ಮನೆಯ ಗೆಳೆಯ ಗೆಳತಿಯರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ತಿನ್ನುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಇರುತ್ತದೆ. ಇದನ್ನೇ ರೈತರು ಜ್ವರ ಎನ್ನುವುದು. ನಿಜವಾಗಿ ಅದು ಕಾಯಿಲೆಯಲ್ಲ, ಬೆಳವಣಿಗೆ. ಆಗ ಸೊಪ್ಪು ಹಾಕಬಾರದು, ಹುಳವನ್ನು ಕದಲಿಸಬಾರದು. ಅದು ತಾನಾಗಿ ಎದ್ದ ಮೇಲೆ ಸೊಪ್ಪು ಕೊಡಬೇಕು. ಕೆಲವು ಸಲ ಏನೂ ಮಾಡದಿರುವುದೇ ಮಾಡಬೇಕಾದ ಕೆಲಸ ಎಂದು ದಾದಿ ಹುಳುಮನೆಯಲ್ಲಿ ಕಲಿತಿದ್ದರು.

ಆದರೆ ಏನೂ ಮಾಡದಿರುವುದು ಎಂದರೆ ಮರೆತುಬಿಡುವುದಲ್ಲ. ಮೊದಲ ರಾತ್ರಿ ಎಲ್ಲರೂ ಮಲಗಿದ ಮೇಲೆ ಮುನ್ನಿ ಬಂದು ತಿಂದಿತು. ಕಾಲು ತಿನ್ನಲಿಲ್ಲ. ನಾನು ಪಶು ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಅಡಗಿಕೊಳ್ಳುವುದು ಸಹಜ, ಆದರೆ ಬೆಕ್ಕು ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು, ನಾಳೆಯೂ ತಿನ್ನದಿದ್ದರೆ ಕರೆದುಕೊಂಡು ಬನ್ನಿ ಎಂದರು ವೈದ್ಯರು. ಮಾರನೆಯ ದಿನ ದಾದಿ ಫಜ್ರ್ ನಮಾಝ್ ಮುಗಿಸಿ ಜಾನಮಾಝ್ ಮೇಲೆ ತಸ್ಬೀಹ್ ಎಣಿಸುತ್ತಿದ್ದರು. ಕಾಲು ಮಂಚದಡಿಯಿಂದ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹೊರಬಂತು. ಗೋಣಿಚೀಲವನ್ನು ಮೂಸಿತು. ದಾದಿಯ ಮಂಡಿಯನ್ನು ಮೂಸಿತು. ಆಮೇಲೆ ಬಟ್ಟಲಿನಲ್ಲಿದ್ದ ಜಿಲೇಬಿ ಮೀನು ಬೆರೆಸಿದ ಅನ್ನವನ್ನೆಲ್ಲ ತಿಂದಿತು. ದಾದಿ ತಿರುಗಿಯೂ ನೋಡಲಿಲ್ಲ, ತಸ್ಬೀಹ್ ಎಣಿಸುತ್ತಲೇ ಇದ್ದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾವು ಮೂವರು ಅಲ್ಹಮ್ದುಲಿಲ್ಲಾಹ್ ಎಂದೆವು.

ಊಟದ ವಿಷಯದಲ್ಲೂ ವೈದ್ಯರಿಂದ ಕೆಲವು ಸಂಗತಿ ತಿಳಿಯಿತು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ. ಆದ್ದರಿಂದ ಸಾರಿನ ಅನ್ನ, ಬಿರಿಯಾನಿಯ ಮಸಾಲೆ ಕೊಡಬಾರದು. ಬೆಂದ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಬೆಕ್ಕು ಎಂದರೆ ಹಾಲು ಎಂದೇ ನಮಗೆಲ್ಲ ಗೊತ್ತಿರುವುದು, ಆದರೆ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು ಅಥವಾ ಕೋಳಿ, ಪಕ್ಕದಲ್ಲಿ ಶುದ್ಧ ನೀರು. ದಿನವೂ ಒಂದೇ ಹೊತ್ತಿಗೆ.

ಈ ನಡುವೆ ಮದ್ದೂರಿನಿಂದ ಬಂದ ನಮ್ಮ ಖಾಲಾ ಒಂದು ಮಾತು ಕೇಳಿದರು: “ಹೊಲದಲ್ಲಿ ಓಡಾಡಿದ ಪ್ರಾಣಿಯನ್ನು ಕೋಣೆಯಲ್ಲಿ ಕೂಡಿಹಾಕಿದ್ದೀರಲ್ಲ, ಗುನಾಹ್ ಅಲ್ಲವೇ?” ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ್ದಕ್ಕಾಗಿ ಒಬ್ಬ ಮಹಿಳೆ ಶಿಕ್ಷೆಗೊಳಗಾದ ಹದೀಸ್ ಅವರ ಮನಸ್ಸಿನಲ್ಲಿತ್ತು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಅದು. ಆಕೆ ತಾನೂ ಊಟ ಕೊಡಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆಯನ್ನು ತಾನೇ ಹುಡುಕಿ ತಿನ್ನಲೂ ಬಿಡಲಿಲ್ಲ ಎಂಬುದು ಅದರಲ್ಲಿ ಬರುತ್ತದೆ. ನಾನು ಈ ಮಾತನ್ನು ತುಂಬ ದಿನ ಯೋಚಿಸಿದೆ. ಬಾಗಿಲು ಹಾಕಿದ ಮೇಲೆ ಅದರ ಹಸಿವು, ಬಾಯಾರಿಕೆ, ಬೇಸರ ಎಲ್ಲವೂ ನಮ್ಮ ಜವಾಬ್ದಾರಿಯಾಗುತ್ತದೆ ಎಂಬುದು ನನಗೆ ಅದರಿಂದ ತಿಳಿದದ್ದು. ಅಬೂ ಕತಾದಾ(ರ) ಅವರ ಇನ್ನೊಂದು ಘಟನೆ ಅಬೂ ದಾವೂದ್ ಮತ್ತು ತಿರ್ಮಿಝಿಯಲ್ಲಿದೆ. ಸೊಸೆ ಕಬ್‌ಶಾ ಅವರ ವುಝೂವಿಗೆ ನೀರು ಇಟ್ಟಾಗ ಬೆಕ್ಕೊಂದು ಬಂತು. ಅವರು ಪಾತ್ರೆಯನ್ನೇ ಓರೆ ಮಾಡಿ ಅದಕ್ಕೆ ಕುಡಿಸಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತ ಓಡಾಡಿಕೊಂಡಿರುವವರಲ್ಲಿ ಒಂದು ಎಂದು ಪ್ರವಾದಿ(ಸ) ಹೇಳಿದ್ದನ್ನು ತಿಳಿಸಿದರು. ದಾದಿ ಖಾಲಾಗೆ ಉತ್ತರವಾಗಿ ಇದನ್ನೇ ಹೇಳಿದರು.

ಆರನೇ ದಿನದಿಂದ ಹೊಸ ಸಮಸ್ಯೆ. ರಾತ್ರಿ ಎರಡು ಗಂಟೆಗೆ ಕಾಲು ಬಾಗಿಲ ಮುಂದೆ ಕೂತು ಕೂಗುತ್ತಿತ್ತು. ಮೂರನೇ ರಾತ್ರಿ ಕಳೆದ ಬೆಳಿಗ್ಗೆ ಓನರ್ ಅಂಕಲ್ ಮೇಲೆ ಬಂದರು.

“ಅದೇನಮ್ಮಾ, ಮಗು ಅತ್ತಂಗೆ ಅಳ್ತದೆ? ಕೆಳಗಡೆ ಮನೆಯವ್ರು ನಿದ್ದೆ ಇಲ್ಲ ಅಂತಾವ್ರೆ.”

ಅಬ್ಬಾ ಉತ್ತರ ಕೊಡುವ ಮೊದಲೇ ದಾದಿ ಕೋಣೆಯಿಂದ ಬಂದರು. “ಊರು ಬುಟ್ಟು ಬಂದೈತೆ ಗೌಡ್ರೇ, ಅದುಕ್ಕೇ ಅಳ್ತದೆ. ಇನ್ನೊಂದು ಹತ್ತು ದಿನ ತಡ್ಕಳಿ, ಸುಮ್ಕಾಯ್ತದೆ.”

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಕಣಮ್ಮಾ” ಎಂದು ಇಳಿದುಹೋದರು.

ಬೆಕ್ಕು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಬೇಟೆಯಾಡುವ ಪ್ರಾಣಿ. ಹಳ್ಳಿಯಲ್ಲಿ ಇಲಿ ಹಿಂದೆ ಓಡಿ ದಣಿಯುತ್ತಿದ್ದ ಕಾಲುಗೆ ಇಲ್ಲಿ ಕೆಲಸವೇ ಇರಲಿಲ್ಲ. ಅಂದಿನಿಂದ ರಾತ್ರಿ ಹತ್ತಕ್ಕೆ ನಾನು ಓದು ಮುಗಿಸಿ, ದಾರದ ತುದಿಗೆ ಬಟ್ಟೆಚೂರು ಕಟ್ಟಿ ಕಾಲು ಗಂಟೆ ಓಡಿಸಿ ಆಡಿಸುತ್ತಿದ್ದೆ. ಆಟ ಮುಗಿದ ಮೇಲೆ ದಿನದ ಕೊನೆಯ ಊಟ. ಬೇಟೆಯಾಡುವುದು, ತಿನ್ನುವುದು, ಮೈ ನೆಕ್ಕಿಕೊಂಡು ಮಲಗುವುದು, ಇದು ಬೆಕ್ಕಿನ ಸಹಜ ಕ್ರಮ. ಸುಮಾರು ಎರಡು ವಾರದಲ್ಲಿ ರಾತ್ರಿಯ ಕೂಗು ನಿಂತಿತು. ನನಗೂ ಓದಿದ ಮೇಲೆ ತಲೆ ಹಗುರಾಗುತ್ತಿತ್ತು.

ಬಾಲ್ಕನಿಗೆ ಅಬ್ಬಾ ಪಾರಿವಾಳ ತಡೆಯುವ ನೈಲಾನ್ ಬಲೆ ಬಿಗಿದರು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ, ಏನೂ ಆಗುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ನ್ಯೂಯಾರ್ಕ್‌ನಲ್ಲಿ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ ಪಶುವೈದ್ಯರು 1987ರಲ್ಲಿ ಒಂದು ವರದಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90ರಷ್ಟು ಬದುಕಿದವು ನಿಜ, ಆದರೆ ಎದೆಗೆ ಪೆಟ್ಟು, ಹಲ್ಲು ಮುರಿತ, ಕಾಲು ಮುರಿತ ಅವುಗಳಲ್ಲಿ ಸಾಮಾನ್ಯವಾಗಿದ್ದವು.

ಮೂರನೇ ವಾರ ಕೋಣೆಯ ಬಾಗಿಲು ತೆರೆದಿಟ್ಟೆವು. ಮುನ್ನಿ ಹಾಲ್‌ಗೆ ಬಂದು ಗ್ಯಾಸ್ ಸಿಲಿಂಡರ್, ಕುರ್ಚಿ ಕಾಲು, ನನ್ನ ಕಾಲೇಜು ಬ್ಯಾಗು ಎಲ್ಲಕ್ಕೂ ಕೆನ್ನೆ ಉಜ್ಜುತ್ತ ಹೋಯಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಹಾಗೆ ಉಜ್ಜಿ ಅದು ತನ್ನ ಗುರುತು ಹಾಕುತ್ತದೆ. ಬೆಕ್ಕು ನಂಬುವ ಮನೆ ಎಂದರೆ ಗೋಡೆ ಚಾವಣಿಯಲ್ಲ, ತನ್ನ ವಾಸನೆ ಇರುವ ಜಾಗ ಎಂದು ಆಗ ಗೊತ್ತಾಯಿತು. ಊರಿನ ಗೋಣಿಚೀಲವನ್ನು ಒಗೆಯದೆ ತಂದದ್ದು ಅದಕ್ಕೇ ಉಪಯೋಗವಾಯಿತು.

ಬೆಕ್ಕು ಹೊರಗೆ ಬಂದರೂ ದಾದಿ ಮಾತ್ರ ಕೋಣೆಯಲ್ಲೇ ಇರುತ್ತಿದ್ದರು. ಊಟವೂ ಅಲ್ಲೇ, ಅದೂ ಕಡಿಮೆ. ಅಬ್ಬಾ ದಿನವೂ “ಅಮ್ಮಾ, ಹಾಲ್‌ಗೆ ಬನ್ನಿ, ಟಿವಿ ನೋಡಿ, ಪಾರ್ಕಿಗೆ ಹೋಗೋಣ” ಎನ್ನುತ್ತಿದ್ದರು. ಕೊನೆಗೆ ಅಮ್ಮಿ ಅಬ್ಬಾಗೆ ಹೇಳಿದರು: “ಅವರೂ ಜ್ವರಕ್ಕೆ ಕೂತಿದ್ದಾರೆ. ಬಿಡಿ.” ಅಂದಿನಿಂದ ಯಾರೂ ಒತ್ತಾಯ ಮಾಡಲಿಲ್ಲ. ಅಮ್ಮಿ ಅವರ ಊರಿನ ಹಿತ್ತಾಳೆ ಚೊಂಬು, ಎಲೆಅಡಿಕೆ ಡಬ್ಬಿ ಮಂಚದ ಪಕ್ಕದಲ್ಲಿಟ್ಟರು. ನಾನು ಸಂಜೆ ಅಲ್ಲೇ ನೆಲದ ಮೇಲೆ ಕೂತು ಓದುತ್ತಿದ್ದೆ. ನವೆಂಬರ್‌ನ ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ದಾದಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಎದುರುಮನೆಯ ಆಂಟಿ. ಇಬ್ಬರೂ ಸೊಸೆಯರ ವಿಷಯ ಮಾತಾಡುತ್ತಿದ್ದರು.

ತಿಂಗಳು ಕಳೆದು ಬಹಳ ದಿನವಾಯಿತು. ಓನರ್ ಅಂಕಲ್ ಮತ್ತೆ ಆ ಮಾತು ತೆಗೆದಿಲ್ಲ. ಎರಡಕ್ಕೂ ರೇಬಿಸ್ ಲಸಿಕೆ ಹಾಕಿಸಿದ್ದೇವೆ. ಬೆಕ್ಕು ಸುಮಾರು ಒಂಬತ್ತು ವಾರಕ್ಕೇ ಮರಿ ಹಾಕುವ ಪ್ರಾಣಿ. ಹುಟ್ಟಿದ ಮರಿಗಳನ್ನು ಬೀದಿಗೆ ಬಿಡುವಂತಾಗಬಾರದೆಂದು ಸಂತಾನಹರಣ ಆಪರೇಷನ್ನೂ ಮಾಡಿಸಿದೆವು.

ಬರುವ ಜೂನ್‌ನಲ್ಲಿ ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಗಳಿಂದ ಹೊಸ ವಿದ್ಯಾರ್ಥಿಗಳು ಪ್ರಥಮ ಪಿಯುಸಿಗೆ ಬರುತ್ತಾರೆ. ಕೊನೆಯ ಬೆಂಚಿನಲ್ಲಿ ಮಾತಿಲ್ಲದೆ ಕೂರುವವರು ಅವರಲ್ಲಿ ಕೆಲವರಾದರೂ ಇರುತ್ತಾರೆ. ಅವರನ್ನು ಮೊದಲ ದಿನವೇ ಎಳೆದು ಮಾತಾಡಿಸಬೇಕಿಲ್ಲ, ಸೊಕ್ಕು ಎಂದು ಬಿಟ್ಟುಬಿಡುವುದೂ ಬೇಡ. ಪಕ್ಕದಲ್ಲಿ ಜಾಗ ಬಿಟ್ಟು, ಊಟದ ಹೊತ್ತಿಗೆ ಡಬ್ಬಿ ಮುಂದೆ ಸರಿಸಿದರೆ ಸಾಕು. ತಿನ್ನುವಾಗ ದಿಟ್ಟಿಸಿ ನೋಡಬಾರದು ಅಷ್ಟೇ.