ನಿಕೋಸಿಯಾದ ಹಸಿರು ಗೆರೆ

ಸೈಪ್ರಸ್ ದ್ವೀಪದ ರಾಜಧಾನಿ ನಿಕೋಸಿಯಾ. ಹದಿನಾರನೆಯ ಶತಮಾನದಲ್ಲಿ ವೆನಿಸ್ಸಿನವರು ಕಟ್ಟಿದ ದುಂಡನೆಯ ಕೋಟೆಯು ಅಲ್ಲಿನ ಹಳೆಯ ನಗರವನ್ನು ಬಳಸಿಕೊಂಡಿದೆ. ಅದರ 11 ಕೊತ್ತಳಗಳಲ್ಲಿ ಇಂದು ಐದು ದಕ್ಷಿಣದ ಗ್ರೀಕ್ ಸೈಪ್ರಿಯಟರ ಕಡೆಗೆ, ಐದು ಉತ್ತರದ ತುರ್ಕಿ ಸೈಪ್ರಿಯಟರ ಕಡೆಗೆ. ಉಳಿದೊಂದು ಯಾರ ಪಾಲಿಗೂ ಬಾರದೆ ನಡುವಿನ ಪಟ್ಟಿಯಲ್ಲಿ ನಿಂತಿದೆ.

1963ರ ಡಿಸೆಂಬರಿನಲ್ಲಿ ಈ ಎರಡು ಸಮುದಾಯಗಳ ನಡುವೆ ಹಿಂಸಾಚಾರ ಭುಗಿಲೆದ್ದಾಗ, ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆಯೆಳೆದು ಕಾದುವವರನ್ನು ಬೇರ್ಪಡಿಸಿದರು. ಮರುವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂದಿತು. ಅದರ ನಾಯಕತ್ವ ವಹಿಸಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ಅಲ್ಲಿಯೇ ನಿಧನರಾದರು. 1974ರ ಸೈನಿಕ ಕ್ರಾಂತಿ ಹಾಗೂ ಅದರ ಬೆನ್ನಿಗೇ ನಡೆದ ತುರ್ಕಿಯ ದಂಡಯಾತ್ರೆಯಿಂದ ಗೆರೆಯು ದ್ವೀಪದ ಉದ್ದಕ್ಕೂ ಬೆಳೆಯಿತು. ಅಸಂಖ್ಯಾತ ಜನರು ಮನೆಮಠಗಳನ್ನು ಬಿಟ್ಟು ಆಚೀಚೆಗೆ ಓಡಿದರು.

ಮನುಷ್ಯರನ್ನು ತಡೆಯಬಹುದು, ಚರಂಡಿಯ ನೀರನ್ನು ತಡೆಯುವವರಾರು? ಇಡೀ ನಗರಕ್ಕೆಂದು ಒಳಚರಂಡಿಯ ಯೋಜನೆಯೊಂದು ವಿಭಜನೆಗೆ ಮುಂಚೆಯೇ ಸಿದ್ಧವಾಗಿತ್ತು. ಯುದ್ಧ ನಿಂತ ಮೇಲೆ ನೋಡಿದರೆ, ಕೊಳವೆಗಳ ಬಹುಭಾಗ ದಕ್ಷಿಣದಲ್ಲಿ, ಶುದ್ಧೀಕರಣದ ಜಾಗ ಉತ್ತರದಲ್ಲಿ! ದಕ್ಷಿಣದ ಮೇಯರ್ ಲೆಲ್ಲೋಸ್ ದೆಮೆತ್ರಿಯಾದೀಸ್, ಉತ್ತರದ ಮೇಯರ್ ಮುಸ್ತಫಾ ಅಕಿಂಜಿ. ಒಬ್ಬರ ಆಡಳಿತವನ್ನು ಇನ್ನೊಬ್ಬರ ಕಡೆಯವರು ಮಾನ್ಯ ಮಾಡುತ್ತಿರಲಿಲ್ಲ. ಶತ್ರುವಿನೊಡನೆ ಮಾತೇಕೆ ಎಂದು ಕೇಳುವವರು ಎರಡೂ ಕಡೆಯಲ್ಲಿದ್ದರು. ಆದರೂ ಅವರಿಬ್ಬರು ಭೇಟಿಯಾಗಿ, 1978ರಲ್ಲಿ ಆ ಕೆಲಸವನ್ನು ಒಟ್ಟಾಗಿ ಮುಗಿಸಲು ಒಪ್ಪಿದರು. ಹೇಸಿಗೆಯ ಕೆಲಸವೆಂದು ಯಾರೂ ಹಾಡಿ ಹೊಗಳದ ಈ ಒಪ್ಪಂದ ದೊಡ್ಡ ಸಂಧಾನಗಳು ಮುರಿದು ಬಿದ್ದಾಗಲೂ ಉಳಿಯಿತು. ಇದೇ ಸ್ನೇಹದಿಂದ ಮುಂದೆ ಇಬ್ಭಾಗದ ನಗರಕ್ಕೂ ಒಂದೇ ನಗರಯೋಜನೆ ರೂಪುಗೊಂಡಿತು.

ನೆಲದಡಿಯಲ್ಲಿ ನೀರು ದಾಟಿದಷ್ಟು ಸುಲಭವಾಗಿ ನೆಲದ ಮೇಲೆ ಮನುಷ್ಯರು ದಾಟಲಿಲ್ಲ. 2003ರ ಏಪ್ರಿಲ್ 23ರಂದು ಲೆಡ್ರಾ ಪ್ಯಾಲೆಸ್ ಹೋಟೆಲಿನ ಬಳಿಯ ದಾರಿ ತೆರೆದಾಗ ಸಾವಿರಾರು ಜನರು ಸಾಲುಗಟ್ಟಿ ನಿಂತರು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಬಿಟ್ಟುಹೋದ ಮನೆಯ ಬಾಗಿಲನ್ನು ತಟ್ಟಿದವರೆಷ್ಟೋ ಮಂದಿ. ಒಳಗಿದ್ದವರಲ್ಲಿ ಹಲವರು ಅವರನ್ನು ಕುಳ್ಳಿರಿಸಿ ಕಾಫಿ ಕೊಟ್ಟರು; ಜೋಪಾನವಾಗಿರಿಸಿದ್ದ ಹಳೆಯ ಭಾವಚಿತ್ರಗಳನ್ನು ಮರಳಿಸಿದವರೂ ಉಂಟು. ಕಾಫಿ ಕುಡಿದವರು ಎದ್ದು ಹೋಗಲೇಬೇಕಿತ್ತು. ಮನೆ ಮರಳಿ ಬರಲಿಲ್ಲ.

ನಗರದ ನಡುಮಧ್ಯದ ಲೆಡ್ರಾ ಬೀದಿ ತೆರೆದದ್ದು 2008ರ ಏಪ್ರಿಲ್ 3ರಂದು. ರಾಜಕೀಯ ಪರಿಹಾರ ಇನ್ನೂ ದೊರೆತಿಲ್ಲ. ಇದನ್ನು ಗಡಿಯೆಂದು ಕರೆಯಲು ದಕ್ಷಿಣದವರು ಒಪ್ಪುವುದಿಲ್ಲ. ಆದರೂ ಗುರುತಿನ ಚೀಟಿ ತೋರಿಸದೆ ದಾಟುವಂತಿಲ್ಲ. ಉತ್ತರದ ಕೆಲಸಗಾರರು ದುಡಿಮೆಗಾಗಿ ದಕ್ಷಿಣಕ್ಕೆ ಬರುತ್ತಾರೆ. ದಕ್ಷಿಣದವರು ಅಗ್ಗದ ಪೆಟ್ರೋಲಿಗಾಗಿ ಉತ್ತರಕ್ಕೆ ಹೋಗುತ್ತಾರೆ.